ಉಣ್ಣುವ ಮುನ್ನ ಜಂತೆ ಎಣಿಸಿ

ಅಕ್ಕನ ಮಗ ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಮನೆಗೆ ಬಂದ. ಕಂಪ್ಯೂಟರ್ ಎಂಜಿನಿಯರಿಂಗ್ ಓದಿ ನಾಲ್ಕು ವರ್ಷ ಒಂದು ಕಡೆ ದುಡಿದಿದ್ದಾನೆ. ಕೈಯಲ್ಲಿ ಎರಡು ಸಂಸ್ಥೆಗಳ ನೇಮಕಾತಿ ಪತ್ರಗಳಿದ್ದವು. ಒಂದು, ಮೊಬೈಲ್ ಫೋನಿನಲ್ಲೇ ಸಾಲ ಕೊಡುವ ಕಂಪೆನಿಯದು. ಇನ್ನೊಂದು, ಆಸ್ಪತ್ರೆಗಳಿಗೆ ತಂತ್ರಾಂಶ ಒದಗಿಸುವ ಕಂಪೆನಿಯದು. ಮೊದಲನೆಯದರಲ್ಲಿ ಸಂಬಳ ಮೂರನೇ ಒಂದು ಭಾಗದಷ್ಟು ಹೆಚ್ಚು. ಅಕ್ಕ, ಭಾವ, ಗೆಳೆಯರು ಎಲ್ಲರೂ ಒಂದೇ ಮಾತು ಹೇಳಿದ್ದರಂತೆ: ಯೋಚಿಸುವುದೇನಿದೆ, ಹೆಚ್ಚು ಕೊಡುವ ಕಡೆ ಹೋಗು.

‘ಚಿಕ್ಕಮ್ಮ, ಅಲ್ಲಿ ನಾನು ಬರೆಯೋ ಪ್ರೋಗ್ರಾಂ ಸಾಲ ವಸೂಲಿ ವಿಭಾಗಕ್ಕೆ ಹೋಗುತ್ತೆ. ಸಾಲ ತೀರಿಸದವರ ನೆಂಟರಿಷ್ಟರಿಗೆಲ್ಲ ಫೋನ್ ಮಾಡಿ ಮಾನ ಕಳೀತಾರೆ ಅಂತ ಓದಿದ್ದೀನಿ. ಮನಸ್ಸು ಒಪ್ಪುತ್ತಿಲ್ಲ. ಮನೇಲಿ ಹೇಳಿದ್ರೆ ನಗ್ತಾರೆ. ನನಗೇನಾದ್ರೂ ಹುಚ್ಚಾ?’ ಎಂದು ಕೇಳಿದ.

ಹುಚ್ಚಲ್ಲ ಎಂದೆ. ಆದರೆ ಆ ಒಂದು ಮಾತಿಗೆ ಉತ್ತರ ಮುಗಿಯಲಿಲ್ಲ. ಅವನು ಕೇಳಿದ ಪ್ರಶ್ನೆಯನ್ನು ನಾನು ಕೇಳಿಕೊಳ್ಳಲು ಏಳು ವರ್ಷ ತಡವಾಗಿತ್ತು. ಆ ತಡದ ಬೆಲೆ ಎಷ್ಟೆಂಬುದು ನನಗೆ ಇಂದಿಗೂ ಪೂರ್ತಿ ಗೊತ್ತಿಲ್ಲ. ಅವನಿಗೆ ಅಂದು ಹೇಳಿದ್ದನ್ನು, ಹೇಳಲು ಹಿಂಜರಿದದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ತಂದೆ ಬೆಂಗಳೂರಿನ ಒಂದು ಸಾರ್ವಜನಿಕ ಉದ್ದಿಮೆಯಲ್ಲಿ ದುಡಿದವರು. ಬೆಳಗಿನ ಸೈರನ್ನಿಗೆ ಗಡಿಯಾರ ಸರಿಪಡಿಸಿಕೊಳ್ಳುವ ಮನೆ ನಮ್ಮದು. ಕ್ವಾರ್ಟರ್ಸ್, ಕ್ಯಾಂಟೀನು, ಕಾರ್ಖಾನೆಯ ಕನ್ನಡ ಸಂಘದ ನಾಟಕ, ಐವತ್ತೆಂಟಕ್ಕೆ ನಿವೃತ್ತಿ. ‘ಈ ಸಂಸ್ಥೆಯ ಮೌಲ್ಯಗಳು ನಿಮ್ಮ ಮೌಲ್ಯಗಳಿಗೆ ಹೊಂದುತ್ತವೆಯೆ?’ ಎಂದು ಯಾರಾದರೂ ಕೇಳಿದ್ದರೆ ಅವರಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಕೆಲಸ ಸಿಕ್ಕಿದ್ದೇ ಪುಣ್ಯ ಎಂಬ ಕಾಲ ಅದು. ಮೇಲಾಗಿ, ದೇಶಕ್ಕಾಗಿ ಯಂತ್ರ ಮಾಡುತ್ತಿದ್ದೇವೆ ಎಂಬ ಭಾವನೆಯೇ ಅವರಿಗೆ ಸಾಕಾದಷ್ಟು ಮೌಲ್ಯವಾಗಿತ್ತು. ಆ ನೆಮ್ಮದಿ ನಮ್ಮ ತಲೆಮಾರಿಗೆ ದಕ್ಕಲಿಲ್ಲ. 1991ರ ಉದಾರೀಕರಣದ ನಂತರ ಕೆಲಸ ಹುಡುಕಿದವರಿಗೆ ಆಯ್ಕೆ ಹೆಚ್ಚಿತು. ಆಯ್ಕೆಯ ಜೊತೆಗೆ ಹೊಣೆಯೂ ಬಂತು. ಆಯ್ಕೆಯನ್ನು ನಾವು ಬೇಗ ಗುರುತಿಸಿದೆವು. ಹೊಣೆಯನ್ನು ಗುರುತಿಸಲು ತಡಮಾಡಿದೆವು.

ನಾನು ಔಷಧ ವಿಜ್ಞಾನ ಓದಿ 1994ರಲ್ಲಿ ನಗರದ ಹೊರವಲಯದ ಒಂದು ಔಷಧ ಕಾರ್ಖಾನೆಯ ಗುಣಮಟ್ಟ ವಿಭಾಗಕ್ಕೆ ಸೇರಿದೆ. ನನ್ನ ಕೆಲಸವೆಂದರೆ, ಸರಳವಾಗಿ ಹೇಳುವುದಾದರೆ, ಸಹಿ ಹಾಕುವುದು. ಮಾತ್ರೆಗಳ ಒಂದೊಂದು ಬ್ಯಾಚಿಗೂ ಒಂದು ದಪ್ಪ ದಾಖಲೆ ಇರುತ್ತದೆ. ಯಾವ ಕಚ್ಚಾವಸ್ತು ಎಷ್ಟು ಬಿತ್ತು, ಯಾವ ಯಂತ್ರದಲ್ಲಿ ಎಷ್ಟು ಹೊತ್ತು ಬೆರೆಯಿತು, ಪರೀಕ್ಷೆಗಳಲ್ಲಿ ಏನು ಬಂತು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಕೊನೆಯ ಪುಟದಲ್ಲಿ ಗುಣಮಟ್ಟ ವಿಭಾಗದ ಸಹಿ ಬೀಳದೆ ಒಂದು ಪೆಟ್ಟಿಗೆಯೂ ಗೋದಾಮಿನಿಂದ ಹೊರಡುವಂತಿಲ್ಲ. ಔಷಧ ಕೊಳ್ಳುವವರು ಅದನ್ನು ಪರೀಕ್ಷಿಸಿ ಕೊಳ್ಳಲಾರರು. ತರಕಾರಿಯಂತೆ ಮುಟ್ಟಿ ನೋಡಲು, ಬಟ್ಟೆಯಂತೆ ಎಳೆದು ನೋಡಲು ಬರುವುದಿಲ್ಲ. ಅವರು ನಂಬುವುದು ಕಾಣದ ಯಾರದೋ ಸಹಿಯನ್ನು.

2001ರಲ್ಲಿ ಮೂರ್ಛೆ ರೋಗದ ಮಾತ್ರೆಯ ಒಂದು ಬ್ಯಾಚು ಡಿಸಲ್ಯೂಷನ್ ಪರೀಕ್ಷೆಯಲ್ಲಿ ಸೋತಿತು. ಮಾತ್ರೆ ನಿಗದಿತ ಹೊತ್ತಿನೊಳಗೆ ಎಷ್ಟು ಔಷಧವನ್ನು ದ್ರವಕ್ಕೆ ಬಿಟ್ಟುಕೊಡುತ್ತದೆ ಎಂದು ಅಳೆಯುವ ಪರೀಕ್ಷೆ ಅದು. ಮೊದಲು 6 ಮಾತ್ರೆ ನೋಡುತ್ತಾರೆ. ಸಾಲದಿದ್ದರೆ ಮತ್ತೆ 6, ಆಗಲೂ ಸಾಲದಿದ್ದರೆ ಇನ್ನೂ 12. ಒಟ್ಟು 24 ಮಾತ್ರೆಗಳ ಫಲಿತಾಂಶವೂ ಮಿತಿಯೊಳಗೆ ಬರದಿದ್ದರೆ ಆ ಬ್ಯಾಚು ಹೋಯಿತು ಎಂದೇ ಲೆಕ್ಕ. ನಮ್ಮದು ಮೂರನೇ ಹಂತದಲ್ಲೂ ಸೋತಿತ್ತು. ಅದು ಸರ್ಕಾರಿ ಆಸ್ಪತ್ರೆಗಳ ಟೆಂಡರಿಗೆ ಹೋಗಬೇಕಾದ ಸರಕು. ತಡವಾದರೆ ದಂಡ ಕಟ್ಟಬೇಕಿತ್ತು. ನನ್ನ ಮೇಲಧಿಕಾರಿ, ‘ಮಾದರಿ ತೆಗೆದದ್ದರಲ್ಲೇ ಏನೋ ತಪ್ಪಾಗಿದೆ. ಬೇರೆ ಡ್ರಮ್ಮಿನಿಂದ ತೆಗೆದು ಮತ್ತೆ ಮಾಡಿ’ ಎಂದರು. ಮಾಡಿದೆವು. ಸೋತಿತು. ಮತ್ತೊಂದು ಡ್ರಮ್ಮು. ನಾಲ್ಕನೆಯ ಸಲ ಪಾಸಾಯಿತು. ಹಿಂದಿನ ಮೂರು ಸಲದ ಹಾಳೆಗಳು ಕಡತಕ್ಕೆ ಸೇರಲಿಲ್ಲ. ಅವು ಎಲ್ಲಿ ಹೋದವೆಂದು ನಾನು ಕೇಳಲಿಲ್ಲ.

ನಾನು ಸಹಿ ಹಾಕಿದೆ.

ಇದನ್ನು ಇಷ್ಟು ವರ್ಷ ಮನೆಯವರನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಮೂರ್ಛೆ ರೋಗದವರ ಮೈಯಲ್ಲಿ ಔಷಧದ ಪ್ರಮಾಣ ಒಂದು ಮಟ್ಟಕ್ಕಿಂತ ಇಳಿದರೆ ಫಿಟ್ಸ್ ಮರುಕಳಿಸಬಹುದು. ಬಚ್ಚಲಲ್ಲಿ, ಒಲೆಯ ಮುಂದೆ, ರಸ್ತೆ ದಾಟುವಾಗ. ಆ ಮಾತ್ರೆಗಳನ್ನು ನುಂಗಿದವರು ಯಾರು, ಅವರಿಗೇನಾಯಿತು ಎಂಬುದನ್ನು ತಿಳಿಯುವ ದಾರಿ ನನಗಿರಲಿಲ್ಲ. ಏನೂ ಆಗಿರಲಾರದು. ಆಗಿದ್ದರೂ ಅದು ಯಾವ ಲೆಕ್ಕಕ್ಕೂ ಸೇರದೆ ‘ರೋಗಿ ಮಾತ್ರೆ ಸರಿಯಾಗಿ ತೆಗೆದುಕೊಂಡಿರಲಿಲ್ಲ’ ಎಂದು ಮುಗಿದಿರುತ್ತದೆ. ನಮ್ಮ ವೃತ್ತಿಯ ತಪ್ಪುಗಳು ಅಷ್ಟು ಸುಲಭವಾಗಿ ಮರೆಯಾಗುತ್ತವೆ.

ಆ ಮೇಲಧಿಕಾರಿ ಕೆಟ್ಟವರಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ನನ್ನ ಬಾಣಂತನದಲ್ಲಿ ಕೇಳಿದ್ದಕ್ಕಿಂತ ಹೆಚ್ಚು ರಜೆ ಕೊಡಿಸಿದವರು ಅವರು. ಕಾರ್ಮಿಕರ ಮಕ್ಕಳ ಶಾಲಾ ಶುಲ್ಕಕ್ಕೆ ಕೈಯಿಂದ ಹಣ ಕೊಟ್ಟವರು. ಮರುವರ್ಷ ಅಂಥದೇ ಇನ್ನೊಂದು ಬ್ಯಾಚು ಬಂದು, ಈ ಸಲ ಸಹಿ ಹಾಕುವುದಿಲ್ಲ ಎಂದು ನಾನು ಹೇಳಿದಾಗ ಅವರು ಸಿಟ್ಟಾಗಲಿಲ್ಲ, ನೊಂದುಕೊಂಡರು. ‘ಉಂಡ ಮನೆಯ ಜಂತೆ ಎಣಿಸಬಾರದಮ್ಮ’ ಎಂದರು. ಕೃತಘ್ನಳಾಗಬೇಡ ಎಂಬುದು ಆ ಮಾತಿನ ಸಾರ. ನಮ್ಮ ಭಾಷೆಯಲ್ಲಿ ಯಜಮಾನನ ಪರವಾಗಿ ಇಷ್ಟು ಚೆನ್ನಾಗಿ ವಾದಿಸುವ ಗಾದೆ ಇನ್ನೊಂದಿರಲಾರದು.

ಆ ಬ್ಯಾಚಿಗೆ ಬೇರೆಯವರು ಸಹಿ ಹಾಕಿದರು. ನನ್ನನ್ನು ಹಳೆಯ ಕಡತಗಳ ಕೊಠಡಿಗೆ ವರ್ಗಾಯಿಸಿದರು. ಆಗ ನನ್ನ ಸಂಬಳ 11,000 ರೂಪಾಯಿ; ಮನೆ ಸಾಲದ ಕಂತು 4,200. ನಮ್ಮವರು ಸಹಕಾರ ಸಂಘವೊಂದರಲ್ಲಿ ಗುಮಾಸ್ತರು. ರಾಜೀನಾಮೆ ಕೊಡುತ್ತೇನೆಂದು ಹೇಳಿದ ರಾತ್ರಿ ಅವರು ಮಾತಾಡಲಿಲ್ಲ. ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಒಂದು ಹಾಳೆಯಲ್ಲಿ ತಿಂಗಳ ಖರ್ಚಿನ ಲೆಕ್ಕ ಬರೆದು ತಂದರು. ಹಾಲು ಅರ್ಧ ಲೀಟರ್ ಕಡಿಮೆ, ಸ್ಕೂಟರ್ ಬದಲು ಬಸ್ ಪಾಸು. ‘ಇನ್ನೊಂದು ಕೆಲಸ ಸಿಕ್ಕ ಮೇಲೆ ಬಿಡು. ಹುಡುಕೋಕೆ ಒಂದು ವರ್ಷ ಆದ್ರೂ ಪರವಾಗಿಲ್ಲ’ ಎಂದರು. ಏಳು ತಿಂಗಳು ಹುಡುಕಿದೆ. ಆ ಏಳು ತಿಂಗಳಲ್ಲಿ ಕಲಿತದ್ದನ್ನು ಯಾವ ಕಾಲೇಜೂ ಕಲಿಸಿರಲಿಲ್ಲ.

ಐದಾರು ಕಡೆ ಸಂದರ್ಶನಕ್ಕೆ ಹೋದೆ. ಎಲ್ಲ ಕಡೆಯೂ ಸ್ವಾಗತಕಾರರ ಮೇಜಿನ ಹಿಂದಿನ ಗೋಡೆಯ ಮೇಲೆ ಚೌಕಟ್ಟು ಹಾಕಿದ ಗುಣಮಟ್ಟ ನೀತಿ ಇತ್ತು. ವಾಕ್ಯಗಳು ಒಂದನ್ನೊಂದು ನೋಡಿ ಬರೆದಂತಿದ್ದವು. ನಾನು ಬಿಟ್ಟು ಬರಬೇಕೆಂದಿದ್ದ ಕಾರ್ಖಾನೆಯಲ್ಲೂ ಅದೇ ಚೌಕಟ್ಟಿತ್ತು. ಹಾಗಾಗಿ ಗೋಡೆ ನೋಡುವುದನ್ನು ಬಿಟ್ಟೆ. ಸಂದರ್ಶನದ ಕೊನೆಗೆ, ‘ನೀವೇನಾದರೂ ಕೇಳುವುದಿದೆಯೆ?’ ಎಂದಾಗ ಒಂದೇ ಪ್ರಶ್ನೆ ಕೇಳತೊಡಗಿದೆ: ‘ಕಳೆದ ವರ್ಷ ಎಷ್ಟು ಬ್ಯಾಚುಗಳನ್ನು ತಿರಸ್ಕರಿಸಿದಿರಿ?’

ಒಂದು ಕಡೆ ಹೆಮ್ಮೆಯಿಂದ ‘ಒಂದೂ ಇಲ್ಲ’ ಎಂದರು. ನಮ್ಮ ಕಸುಬಿನಲ್ಲಿ ಸೊನ್ನೆಯಷ್ಟು ಅನುಮಾನ ಹುಟ್ಟಿಸುವ ಅಂಕಿ ಇನ್ನೊಂದಿಲ್ಲ. ವರ್ಷಕ್ಕೆ ನೂರಾರು ಬ್ಯಾಚು ಮಾಡುವ ಕಡೆ ಒಂದೂ ಕೆಡಲಿಲ್ಲವೆಂದರೆ, ಕೆಟ್ಟದ್ದನ್ನು ಯಾರೂ ನೋಡಲಿಲ್ಲವೆಂದೇ ಅರ್ಥ. ಇನ್ನೊಂದು ಕಡೆ, ‘ಅದು ಗೋಪ್ಯ’ ಎಂದರು. ಅದು ನ್ಯಾಯವಾದ ಉತ್ತರವೇ ಇರಬಹುದು. ಆದರೆ ಹೇಳಿದ ದನಿಯಲ್ಲಿ, ಈಕೆ ಬೇಡ ಎಂಬುದು ಕೇಳಿಸಿತು. ಕೊನೆಗೆ ಒಂದು ಸಣ್ಣ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಹಿರಿಯರೊಬ್ಬರು ಪ್ರಶ್ನೆ ಕೇಳಿ ಸುಮ್ಮನೆ ಎದ್ದು ಹೋಗಿ, ರಿಜಿಸ್ಟರ್ ತಂದು ಮೇಜಿನ ಮೇಲೆ ಬಿಚ್ಚಿಟ್ಟರು. ಹನ್ನೊಂದು. ಪ್ರತಿಯೊಂದರ ಎದುರಿಗೂ ಕಾರಣ. ಮೂರರ ಎದುರಿಗೆ ಮಾಲೀಕರ ಆಕ್ಷೇಪಣೆ, ಅದರ ಕೆಳಗೆ ‘ಆಕ್ಷೇಪಣೆ ಒಪ್ಪಲಾಗಿಲ್ಲ’ ಎಂಬ ಆ ಹಿರಿಯರ ಟಿಪ್ಪಣಿ. ಅಲ್ಲಿ ಕೊಡುತ್ತೇವೆಂದ ಸಂಬಳ 8,500. ನಾನು ಮಾರನೆಯ ದಿನವೇ ಒಪ್ಪಿಗೆ ಕಳಿಸಿದೆ. ಇಪ್ಪತ್ತು ವರ್ಷ ಅಲ್ಲಿ ದುಡಿದು, ಮೂರು ವರ್ಷದ ಹಿಂದೆ ನಿವೃತ್ತಳಾದೆ.

ಗೋಡೆಯ ಮೇಲಿನ ಮೌಲ್ಯಕ್ಕೂ ರಿಜಿಸ್ಟರಿನೊಳಗಿನ ಮೌಲ್ಯಕ್ಕೂ ಇರುವ ಅಂತರವನ್ನು ಜಗತ್ತು ದೊಡ್ಡ ಪ್ರಮಾಣದಲ್ಲೂ ಕಂಡಿದೆ. ಅಮೆರಿಕದ ಎನ್ರಾನ್ ಕಂಪೆನಿ ಸಾರಿಕೊಂಡಿದ್ದ ನಾಲ್ಕು ಮೌಲ್ಯಗಳು: ಗೌರವ, ಪ್ರಾಮಾಣಿಕತೆ, ಸಂವಹನ, ಉತ್ಕೃಷ್ಟತೆ. 2001ರ ಡಿಸೆಂಬರ್‌ನಲ್ಲಿ ಅದು ಸುಳ್ಳು ಲೆಕ್ಕಗಳ ಭಾರಕ್ಕೆ ಕುಸಿಯಿತು. ನಮ್ಮಲ್ಲಿ, ಸತ್ಯವನ್ನೇ ಹೆಸರಾಗಿಸಿಕೊಂಡ ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ಗೆ ಉತ್ತಮ ಕಾರ್ಪೊರೇಟ್ ಆಡಳಿತಕ್ಕಾಗಿ 2008ರಲ್ಲಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು. ಕೆಲವೇ ತಿಂಗಳಲ್ಲಿ, 2009ರ ಜನವರಿ 7ರಂದು, ಅದರ ಅಧ್ಯಕ್ಷ ಬಿ. ರಾಮಲಿಂಗ ರಾಜು ವರ್ಷಗಟ್ಟಲೆ ಲೆಕ್ಕ ತಿದ್ದಿದ್ದಾಗಿ ಪತ್ರ ಬರೆದು ಒಪ್ಪಿಕೊಂಡರು. ಸಾವಿರಾರು ನೌಕರರು ಆ ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಹೋಗಿದ್ದರು. ತಮ್ಮ ಪ್ರಾಮಾಣಿಕ ದುಡಿಮೆ ಯಾವ ಕಟ್ಟಡವನ್ನು ಹೊತ್ತು ನಿಂತಿತ್ತು ಎಂಬುದು ಅವರಲ್ಲಿ ಹೆಚ್ಚಿನವರಿಗೆ ತಿಳಿದದ್ದು ಟಿ.ವಿ.ಯಿಂದ.

ನನ್ನದೇ ಕ್ಷೇತ್ರದ ದೊಡ್ಡ ಉದಾಹರಣೆ ದಿನೇಶ್ ಠಾಕೂರ್ ಅವರದು. ರ್‍ಯಾನ್‌ಬ್ಯಾಕ್ಸಿ ಕಂಪೆನಿಯನ್ನು 2003ರಲ್ಲಿ ಸೇರಿದ ಅವರಿಗೆ, ಮರುವರ್ಷ ತಮ್ಮ ಮೇಲಧಿಕಾರಿಯ ಸೂಚನೆಯಂತೆ ಔಷಧಗಳ ಪರೀಕ್ಷಾ ದತ್ತಾಂಶ ಪರಿಶೀಲಿಸಿದಾಗ, ಮಾಡದ ಪರೀಕ್ಷೆಗಳಿಗೂ ಫಲಿತಾಂಶ ಬರೆದಿರುವುದು ಕಂಡಿತು. 2005ರಲ್ಲಿ ಅವರು ಕಂಪೆನಿ ಬಿಟ್ಟರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಗೆ ವಿಷಯ ತಿಳಿಸಿದರು. 2013ರ ಮೇ ತಿಂಗಳಲ್ಲಿ ಕಂಪೆನಿಯ ಅಮೆರಿಕದ ಅಂಗಸಂಸ್ಥೆ ಅಲ್ಲಿನ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು, 50 ಕೋಟಿ ಡಾಲರ್ ತೆರಲು ಒಪ್ಪಿತು. ನಡುವೆ ಎಂಟು ವರ್ಷ ಉರುಳಿದ್ದವು. ಎಂಟು ವರ್ಷ ಕಾಯುವ ಶಕ್ತಿ ಎಷ್ಟು ಮನೆಗಳಿಗಿದೆ?

ಇನ್ನು ಕೆಲವರಿಗೆ ಕಾಯುವ ಅವಕಾಶವೂ ಸಿಗಲಿಲ್ಲ. ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಬೆಳೆದು, ಮೈಸೂರಿನಲ್ಲಿ ಎಂಜಿನಿಯರಿಂಗ್, ಲಖನೌ ಐಐಎಂನಲ್ಲಿ ಆಡಳಿತ ನಿರ್ವಹಣೆ ಓದಿದ ಷಣ್ಮುಗಂ ಮಂಜುನಾಥ್, ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖಿಂಪುರ ಖೇರಿಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿನ ವಿರುದ್ಧ ಕ್ರಮ ಕೈಗೊಂಡಿದ್ದರು. 2005ರ ನವೆಂಬರ್ 19ರಂದು ಅವರ ಕೊಲೆಯಾಯಿತು. ವಯಸ್ಸು 27. ನಾವು ಅವರನ್ನು ಹುತಾತ್ಮರೆಂದು ನೆನೆಯುತ್ತೇವೆ, ನೆನೆಯಬೇಕಾದ್ದೇ. ಆದರೆ ಒಬ್ಬ ಯುವಕ ತನ್ನ ಕರ್ತವ್ಯವನ್ನಷ್ಟೇ ಮಾಡಲು ಹುತಾತ್ಮನಾಗಬೇಕಾಯಿತು ಎಂಬುದು ಅವನ ಹಿರಿಮೆಯನ್ನು ಹೇಳುವಷ್ಟೇ ನಮ್ಮ ವ್ಯವಸ್ಥೆಯ ಸಣ್ಣತನವನ್ನೂ ಹೇಳುತ್ತದೆ. ಪ್ರಾಮಾಣಿಕತೆಗೆ ಧೈರ್ಯ ಬೇಕಾಗದ ಜಾಗವೇ ಒಳ್ಳೆಯ ಕೆಲಸದ ಜಾಗ. ಮೌಲ್ಯ ಹೊಂದುವ ಯಜಮಾನನನ್ನು ಹುಡುಕುವುದು ಎಂದರೆ ನನ್ನ ಮಟ್ಟಿಗೆ ಇಷ್ಟೇ: ಸಾಧಾರಣ ಮನುಷ್ಯನೊಬ್ಬ ಸಾಧಾರಣ ಧೈರ್ಯದಿಂದ ಸರಿಯಾದ ಕೆಲಸ ಮಾಡಿ, ಸಂಜೆ ಮನೆಗೆ ಹೋಗಿ ಉಂಡು ಮಲಗಬಹುದಾದ ಜಾಗವನ್ನು ಹುಡುಕುವುದು.

ಕಾನೂನು ಸ್ವಲ್ಪ ದೂರ ನಡೆದಿದೆ. 2013ರ ಕಂಪೆನಿ ಕಾಯ್ದೆಯ 177ನೇ ಕಲಮಿನಂತೆ, ಷೇರುಪೇಟೆಯಲ್ಲಿ ನೋಂದಾಯಿತ ಪ್ರತಿ ಕಂಪೆನಿಯೂ ಅಕ್ರಮಗಳ ಬಗ್ಗೆ ನೌಕರರು ದೂರು ಕೊಡುವ ವ್ಯವಸ್ಥೆಯನ್ನು ರೂಪಿಸಬೇಕು. ದೂರು ಕೊಟ್ಟವರಿಗೆ ಕಿರುಕುಳವಾಗದಂತೆ ನೋಡಿಕೊಳ್ಳಬೇಕು. ವ್ಯವಸ್ಥೆ ಇರುವುದು ಬೇರೆ, ಅದನ್ನು ಯಾರಾದರೂ ಬಳಸಿದ್ದಾರೆಯೆ, ಬಳಸಿದವರು ಇನ್ನೂ ಅಲ್ಲೇ ಕೆಲಸದಲ್ಲಿದ್ದಾರೆಯೆ ಎಂಬುದು ಬೇರೆ. ಎರಡನೆಯದನ್ನು ಕಾಯ್ದೆ ಹೇಳುವುದಿಲ್ಲ. ಅಲ್ಲಿ ಕೆಲಸ ಮಾಡಿ ಬಿಟ್ಟವರು ಹೇಳುತ್ತಾರೆ.

ಅಕ್ಕನ ಮಗನಿಗೆ ನಾನು ಮೊದಲು ಹೇಳಿದ್ದು ಇದನ್ನೇ. ಸೇರಿದವರನ್ನು ಕೇಳಬೇಡ, ಬಿಟ್ಟವರನ್ನು ಕೇಳು. ಅವರಲ್ಲೂ ಜಗಳವಾಡಿ ಬಿಟ್ಟವರನ್ನಲ್ಲ. ಸಮಾಧಾನದಿಂದ ಬಿಟ್ಟು, ಮತ್ತೆ ಕರೆದರೂ ಹೋಗುವುದಿಲ್ಲ ಎನ್ನುವವರನ್ನು. ಸಂಸ್ಥೆಯಲ್ಲಿ ‘ಆಗುವುದಿಲ್ಲ’ ಎಂದು ಹೇಳುವ ಅಧಿಕಾರ ಯಾರಿಗಿದೆ, ಆ ವ್ಯಕ್ತಿ ಯಾರಿಗೆ ಉತ್ತರ ಕೊಡಬೇಕು ಎಂದು ಕೇಳು. ಗುಣಮಟ್ಟ ನೋಡುವವನು ಉತ್ಪಾದನೆಯ ಗುರಿ ಮುಟ್ಟಿಸುವವನ ಕೈಕೆಳಗಿದ್ದರೆ ಅವನ ಸಹಿಗೆ ಬೆಲೆಯಿಲ್ಲ. ಕೊನೆಯ ಸಲ ಲಾಭವನ್ನು ಬಿಟ್ಟುಕೊಟ್ಟು ಒಂದು ಕೆಲಸ ನಿಲ್ಲಿಸಿದ್ದು ಯಾವಾಗ ಎಂದು ಕೇಳು. ಉದಾಹರಣೆ ತಟ್ಟನೆ ಬಂದರೆ ಒಳ್ಳೆಯದು. ‘ಅಂಥ ಸಂದರ್ಭವೇ ಬಂದಿಲ್ಲ’ ಎಂದರೆ ನನ್ನ ಸೊನ್ನೆಯನ್ನು ನೆನಪಿಸಿಕೋ. ಗೇಟಿನ ಕಾವಲುಗಾರರನ್ನು, ನೆಲ ಒರೆಸುವವರನ್ನು ಹೇಗೆ ಕರೆಯುತ್ತಾರೆ ನೋಡು. ಅವರಿಗೆ ಭವಿಷ್ಯ ನಿಧಿ ಕಟ್ಟುತ್ತಾರೆಯೆ ವಿಚಾರಿಸು. ನಿನ್ನೊಡನೆ ಎಲ್ಲರೂ ಒಳ್ಳೆಯವರಾಗಿಯೇ ಇರುತ್ತಾರೆ. ಅವರಿಗೆ ನಿನ್ನಿಂದ ಕೆಲಸ ಆಗಬೇಕಿದೆ.

ಇದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಒಂದಿದೆ. ನನ್ನ ಮೌಲ್ಯಗಳೇನು? ಅವು ಸರಿಯೆಂದು ನನಗೆ ಹೇಗೆ ಗೊತ್ತು? ಸರ್ ಎಂ. ವಿಶ್ವೇಶ್ವರಯ್ಯನವರು 1908ರಲ್ಲಿ ಬ್ರಿಟಿಷ್ ಸರ್ಕಾರದ ಸೇವೆಯಿಂದ ಸ್ವಯಂ ನಿವೃತ್ತರಾದರು. ಮರುವರ್ಷ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1912ರಿಂದ ದಿವಾನರಾಗಿದ್ದು 1918ರಲ್ಲಿ ಅದನ್ನೂ ತೊರೆದರು. ಹಿಂದುಳಿದ ವರ್ಗಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಪ್ರಾತಿನಿಧ್ಯ ಕೊಡುವ ವಿಚಾರದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರೊಡನೆ ಹುಟ್ಟಿದ ಭಿನ್ನಾಭಿಪ್ರಾಯ ಅದರ ಹಿಂದಿತ್ತು. ನಂಬಿದ್ದಕ್ಕಾಗಿ ಪದವಿ ಬಿಟ್ಟ ಅವರ ನಡೆಗೆ ತಲೆಬಾಗುತ್ತೇನೆ. ಆದರೆ ಅಂದು ನ್ಯಾಯ ಮಹಾರಾಜರ ಕಡೆಗಿತ್ತು ಎಂದೇ ನನ್ನ ನಂಬಿಕೆ. ಮನಸ್ಸಾಕ್ಷಿಗಾಗಿ ಕೆಲಸ ಬಿಟ್ಟ ಮಾತ್ರಕ್ಕೆ ಮನಸ್ಸಾಕ್ಷಿ ಸರಿಯಾಗಿರಬೇಕೆಂದಿಲ್ಲ. ಕೆಲವೊಮ್ಮೆ ಯಜಮಾನನೇ ನಮಗಿಂತ ಮುಂದಿರುತ್ತಾನೆ. ಆಗ ಹೊಂದಿಕೊಳ್ಳಬೇಕಾದವರು ನಾವು.

ದುಡಿಮೆಯ ನೀತಿಯನ್ನು ಕುರಿತು ನಮ್ಮ ನೆಲದಲ್ಲಿ ನಡೆದಷ್ಟು ಚಿಂತನೆ ಬೇರೆಡೆ ಅಪರೂಪ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ಹೇಳಿದ ಕಥೆಯನ್ನು ನಾವೆಲ್ಲ ಶಾಲೆಯಲ್ಲೇ ಕೇಳಿದ್ದೇವೆ. ಆ ಕಥೆಯಲ್ಲಿ ನನ್ನನ್ನು ಈಗ ತಡೆದು ನಿಲ್ಲಿಸುವುದು, ಪ್ರಶ್ನೆ ಎದ್ದದ್ದು ಮನೆಯಲ್ಲಿ ಎಂಬ ಸಂಗತಿ. ಕಾಯಕದ ಅಂಗಳದಲ್ಲಿ ಯಾರೂ ಕೇಳಲಿಲ್ಲ. ಮನೆಯ ಹೊಸ್ತಿಲಲ್ಲಿ ಕೇಳಿದರು. ಇಂದು ನಮ್ಮ ಮನೆಗಳ ಹೊಸ್ತಿಲಲ್ಲಿ ಕೇಳುವ ಪ್ರಶ್ನೆ ಯಾವುದು? ‘ಪ್ಯಾಕೇಜ್ ಎಷ್ಟು?’ ಮದುವೆಯ ಮಾತುಕತೆಯಲ್ಲೂ ಅದೇ, ಗೃಹಪ್ರವೇಶದ ಊಟದ ಪಂಕ್ತಿಯಲ್ಲೂ ಅದೇ. ಮಕ್ಕಳು ಎಂಥ ಕಂಪೆನಿಯಲ್ಲಿದ್ದಾರೆಂದು ಕೇಳಿದರೆ ಹೆಸರು ಹೇಳುತ್ತೇವೆ. ಅಲ್ಲಿ ಏನು ಮಾಡುತ್ತಾರೆಂದು ಕೇಳಿದರೆ ನಮಗೇ ಗೊತ್ತಿರುವುದಿಲ್ಲ. ನಮ್ಮವರು ಮೂರು ದಿನ ಸುಮ್ಮನಿದ್ದು ನಾಲ್ಕನೆಯ ದಿನ ಲೆಕ್ಕದ ಹಾಳೆ ತರದೆ ಹೋಗಿದ್ದರೆ ನನ್ನ ಮನಸ್ಸಾಕ್ಷಿ ಕಡತದ ಕೊಠಡಿಯಲ್ಲೇ ಧೂಳು ತಿನ್ನುತ್ತಿತ್ತು.

ಇಲ್ಲಿ ಒಂದು ಮಾತನ್ನು ಮುಚ್ಚಿಡುವುದು ತಪ್ಪಾಗುತ್ತದೆ. ಯಜಮಾನನನ್ನು ಆರಿಸಿಕೊಳ್ಳುವ ಸೌಲಭ್ಯ ಎಲ್ಲರಿಗೂ ಇಲ್ಲ. ನಾನು ಮೆಚ್ಚಿ ಸೇರಿದ ಎರಡನೆಯ ಕಾರ್ಖಾನೆಯಲ್ಲಿ ಮಾತ್ರೆ ಪ್ಯಾಕ್ ಮಾಡುವ ಹೆಂಗಸರು ಗುತ್ತಿಗೆಯವರು. ಎರಡನೇ ಪಾಳಿ ಮುಗಿದಾಗ ಅಧಿಕಾರಿಗಳನ್ನು ಬಿಡಲು ವ್ಯಾನ್ ಹೋಗುತ್ತಿತ್ತು. ಆ ಹೆಂಗಸರು ಕತ್ತಲಲ್ಲಿ ಬಸ್ ನಿಲ್ದಾಣಕ್ಕೆ ನಡೆಯುತ್ತಿದ್ದರು. ಹನ್ನೊಂದು ಬ್ಯಾಚು ತಿರಸ್ಕರಿಸಿದ ರಿಜಿಸ್ಟರ್ ನೋಡಿ ಮಾರುಹೋದ ನಾನು, ಆ ವ್ಯಾನಿನಲ್ಲಿ ಕುಳಿತು ಎರಡು ವರ್ಷ ಅವರನ್ನು ಕಿಟಕಿಯಿಂದ ನೋಡಿದೆ. ಆಮೇಲೆ ಬಾಯಿ ಬಿಟ್ಟೆ. ನಾಲ್ಕು ಸಭೆಗಳ ನಂತರ ಎರಡನೇ ವ್ಯಾನ್ ಬಂತು. ಸಂಬಳದ ಅಂತರ ನಾನು ನಿವೃತ್ತಳಾಗುವವರೆಗೂ ಪೂರ್ತಿ ಹೋಗಲಿಲ್ಲ. ಹೊಂದುವ ಸಂಸ್ಥೆ ಸಿದ್ಧವಾಗಿ ಸಿಗುವುದಿಲ್ಲ ಎಂಬ ಪಾಠ ಅದು. ಸಿಗುವುದು ಹೆಚ್ಚೆಂದರೆ, ನಮ್ಮ ಮಾತಿಗೆ ಕಿವಿಗೊಡುವ ಸಂಸ್ಥೆ. ಉಳಿದದ್ದನ್ನು ಒಳಗಿದ್ದು ಮಾಡಿಕೊಳ್ಳಬೇಕು. ಮನೆ ನಡೆಸಲು ಬಂದ ಕೆಲಸಕ್ಕೆ ಹೋಗಲೇಬೇಕಾದವರ ಮುಂದೆ ಮೌಲ್ಯಗಳ ಉಪನ್ಯಾಸ ಕೊಡುವುದು ಕ್ರೌರ್ಯ. ಆಯ್ಕೆಯಿದ್ದೂ ಕೇಳದಿರುವುದು ನಮ್ಮಂಥವರ ಸೋಮಾರಿತನ.

ಒಮ್ಮೆ ಒಳ್ಳೆಯದಿದ್ದದ್ದು ಎಂದೂ ಒಳ್ಳೆಯದಾಗಿಯೇ ಇರುತ್ತದೆಂಬ ಭರವಸೆಯೂ ಇಲ್ಲ. ಜಾನ್ಸನ್ ಆ್ಯಂಡ್ ಜಾನ್ಸನ್ ಕಂಪೆನಿ 1943ರಲ್ಲೇ ತನ್ನ ಧ್ಯೇಯಗಳನ್ನು ಬರೆದಿಟ್ಟುಕೊಂಡಿತ್ತು. 1982ರಲ್ಲಿ ಷಿಕಾಗೊ ಸುತ್ತಮುತ್ತ ಯಾರೋ ಅದರ ಟೈಲೆನಾಲ್ ಗುಳಿಗೆಗಳಿಗೆ ಸಯನೈಡ್ ಬೆರೆಸಿ ಏಳು ಮಂದಿ ಸತ್ತಾಗ, ಸುಮಾರು 3.1 ಕೋಟಿ ಬಾಟಲಿಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಿತು. ನಮ್ಮ ಪಾಠಗಳಲ್ಲಿ ಅದು ಆದರ್ಶದ ಉದಾಹರಣೆ. ಅದೇ ಕಂಪೆನಿಯ ಮೇಲೆ ಟಾಲ್ಕಂ ಪೌಡರಿನಿಂದ ಕ್ಯಾನ್ಸರ್ ಬಂತೆಂಬ ಸಾವಿರಾರು ಮೊಕದ್ದಮೆಗಳು ಬಿದ್ದಿವೆ. ಕಂಪೆನಿ ಆರೋಪವನ್ನು ನಿರಾಕರಿಸುತ್ತಲೇ ಬಂದಿದೆ. ಯಾವುದು ನಿಜವೆಂದು ನ್ಯಾಯಾಲಯಗಳು ಹೇಳಲಿ. ಒಂದು ಸಂಸ್ಥೆಯನ್ನು ಒಮ್ಮೆ ನಂಬಿ ಮರೆತುಬಿಡುವಂತಿಲ್ಲ ಎಂಬುದಷ್ಟೇ ನನ್ನ ಮಾತು. ಮನೆ ಕಟ್ಟಿದ ಮೇಲೂ ಮಳೆಗಾಲಕ್ಕೊಮ್ಮೆ ಹೆಂಚು ನೋಡುತ್ತೇವಲ್ಲ, ಹಾಗೆ.

ಇಷ್ಟೆಲ್ಲ ಕೇಳಿಸಿಕೊಂಡು ಹುಡುಗ ಒಂದು ಹಾಳೆಯಲ್ಲಿ ಪ್ರಶ್ನೆಗಳನ್ನು ಬರೆದುಕೊಂಡು ಹೋದ. ಎರಡೂ ಕಂಪೆನಿಗಳಿಗೆ ಫೋನ್ ಮಾಡಿದ. ನಮ್ಮ ಊಹೆಗಳೆರಡೂ ತಲೆಕೆಳಗಾದವು. ಆಸ್ಪತ್ರೆಯ ತಂತ್ರಾಂಶದವರು, ಮೂಲ ಅಂಕಪಟ್ಟಿಗಳನ್ನು ಎರಡು ವರ್ಷ ತಮ್ಮಲ್ಲಿ ಒತ್ತೆಯಿಡಬೇಕೆಂದರು. ರೋಗಿಗಳ ಮಾಹಿತಿ ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆಗೆ, ಸೇರಿದ ಮೇಲೆ ತಿಳಿಯುತ್ತದೆ ಎಂದರು. ಸಾಲದ ಕಂಪೆನಿಯ ವ್ಯವಸ್ಥಾಪಕಿ ಮಾತ್ರ ಅರ್ಧ ಗಂಟೆ ಮಾತಾಡಿದರಂತೆ. ಸಾಲಗಾರರ ಫೋನಿನ ಹೆಸರುಪಟ್ಟಿ, ಕರೆಗಳ ವಿವರ ಮುಟ್ಟಬಾರದೆಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ವಿಧಿಸಿದ ನಿಯಮವನ್ನು ತಾವು ಹೇಗೆ ಪಾಲಿಸುತ್ತಿದ್ದೇವೆಂದು ವಿವರಿಸಿದರು. ವಸೂಲಿಯವರು ರಾತ್ರಿ ಹೊತ್ತು ಸಂದೇಶ ಕಳಿಸುವ ಸೌಲಭ್ಯವೊಂದನ್ನು ಕೇಳಿದಾಗ ತಮ್ಮ ತಂಡದ ಹುಡುಗಿಯೊಬ್ಬಳು ಮಾಡುವುದಿಲ್ಲವೆಂದು ಹಟ ಹಿಡಿದು ನಿಲ್ಲಿಸಿದ್ದನ್ನೂ ಹೇಳಿದರು. ‘ಆಕೆ ಈಗ ಎಲ್ಲಿದ್ದಾರೆ?’ ಎಂದು ಇವನು ಕೇಳಿದ. ‘ನನ್ನ ಪಕ್ಕದ ಮೇಜಿನಲ್ಲಿ’ ಎಂದರಂತೆ.

ಅವನು ಅಲ್ಲಿಗೇ ಸೇರಿದ್ದಾನೆ. ಸಂಬಳವೂ ಹೆಚ್ಚೇ ಆದ್ದರಿಂದ ಅಕ್ಕ ಭಾವನಿಗೆ ತಮ್ಮ ಮಾತೇ ಗೆದ್ದಿತೆಂಬ ಸಂತೋಷ. ಇರಲಿ. ಪ್ರಶ್ನೆಗಳ ಹಾಳೆಯನ್ನು ಬಿಸಾಡಬೇಡ ಎಂದು ನಾನು ಹೇಳಿದ್ದೆ. ಮೊನ್ನೆ ಫೋನಿನಲ್ಲಿ, ಅದನ್ನು ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದ್ದೇನೆ ಎಂದ. ವರ್ಷಕ್ಕೊಮ್ಮೆ ಮತ್ತೆ ಉತ್ತರ ಬರೆಯುತ್ತಾನಂತೆ. ಉಂಡ ಮನೆಯ ಜಂತೆ ಎಣಿಸುವುದು ಕೃತಘ್ನತೆ ಎಂದು ನನಗೆ ಹೇಳಿಕೊಟ್ಟಿದ್ದರು. ಜಂತೆಗೆ ಗೆದ್ದಲು ಹಿಡಿದಿದ್ದರೆ ಮಾಡು ಕುಸಿಯುವುದು ಯಜಮಾನನ ಮೇಲಷ್ಟೇ ಅಲ್ಲ, ಒಳಗೆ ಉಣ್ಣುತ್ತಿರುವ ಎಲ್ಲರ ಮೇಲೆ. ಎಣಿಸುವುದೂ ಋಣ ತೀರಿಸುವ ಒಂದು ಬಗೆ ಎಂದು ಆ ಮೇಲಧಿಕಾರಿಗೆ ನಾನು ಅಂದೇ ಹೇಳಬೇಕಿತ್ತು.